ಸಿಆರ್‌ಪಿ: ಆ ‘ಸಿ’ ಎಲ್ಲಿಯದು?

ಸಿಆರ್‌ಪಿ: ಕೋವಿಡ್ ಕಾಲದಲ್ಲಿ ಮನೆಮಾತಾದ ರಕ್ತಪರೀಕ್ಷೆ, ಪೂರ್ಣರೂಪ ಸಿ-ರಿಯಾಕ್ಟಿವ್ ಪ್ರೋಟೀನ್. (ನಮ್ಮ ಶಾಲಾ ಮೇಷ್ಟ್ರುಗಳಿಗೆ ಸಿಆರ್‌ಪಿ ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ!) ವಿಟಮಿನ್ ಸಿಗೂ ಈ ‘ಸಿ’ಗೂ ನಂಟಿಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಿಚಿತ್ರ ವಸ್ತು ಕಂಡರು. ಅದು ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ ‘ಸಿ’ ಎಂದು ಗುರುತು ಹಾಕಿದ್ದ ಅಂಶದೊಡನೆ ಪ್ರತಿಕ್ರಿಯಿಸುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. ‘ಪ್ರೋಟೀನ್’ ಗ್ರೀಕ್ ಮೂಲದ್ದು, ಅಗ್ರಸ್ಥಾನದ್ದು ಎಂಬರ್ಥ. ಸ್ಪ್ಯಾನಿಷ್‌ನಲ್ಲಿ ಸಿಆರ್‌ಪಿಯ ಅಕ್ಷರಗಳು ಸ್ಥಾನ ಬದಲಿಸಿ ‘ಪಿಸಿಆರ್’ ಆಗುತ್ತವೆ. ಕೋವಿಡ್ ಪತ್ತೆ ಪರೀಕ್ಷೆಯ ಹೆಸರೂ ಅದೇ, ಪಜೀತಿ! ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಸಿಆರ್‌ಪಿ ಸಾಮಾನ್ಯವಾಗಿ ಹೆಚ್ಚು ಏರುತ್ತದೆ, ವೈರಸ್ ಸೋಂಕಿನಲ್ಲಿ ಕಡಿಮೆ. ಆದರೆ ತೀವ್ರ ಕೋವಿಡ್‌ನಲ್ಲೂ ಅದು ಜೋರಾಗಿಯೇ ಏರಿತ್ತು. ಹಾಗಾಗಿ ಈ ಒಂದು ಅಂಕಿ ನೋಡಿ ಆಂಟಿಬಯೋಟಿಕ್ ನುಂಗಬೇಡಿ.