ಬೃಹದೀಶ್ವರಾಲಯದ ಶಾಸನಗಳೂ ಛಾಯಾಚಿತ್ರದ ನೀಳಪಟವೂ

ತಂಜಾವೂರಿನ ಬೃಹದೀಶ್ವರಾಲಯವು ಚೋಳ ಚಕ್ರವರ್ತಿಯಾದ ಒಂದನೆಯ ರಾಜರಾಜನಿಂದ ನಿರ್ಮಿತವಾಗಿ ಕ್ರಿ. ಶ. 1010ರಲ್ಲಿ ಪೂರ್ಣಗೊಂಡಿತೆಂಬುದು ವಿದಿತವೇ ಆಗಿರುವುದು. ತಾನೂ ತನ್ನ ಅಕ್ಕನಾದ ಕುಂದವೈಯೂ ರಾಣಿಯರೂ ಇತರರೂ ದೇವರಿಗೆ ಒಪ್ಪಿಸಿದ ದತ್ತಿಗಳೆಲ್ಲವನ್ನೂ ವಿಮಾನದ ಕಲ್ಲಿನ ಮೇಲೆ ಕೆತ್ತಿಸತಕ್ಕದ್ದೆಂದು ಆ ಅರಸನು ಅಪ್ಪಣೆಗೈದನು. ಅದರಂತೆ ಸುವರ್ಣಪಾತ್ರೆಗಳು, 'ಆಡವಲ್ಲಾನ್' ಎಂಬ ತೂಕದ ಕಲ್ಲಿನಿಂದ ತೂಗಿದ ಅವುಗಳ ತೂಕ, ಗ್ರಾಮಗಳ ಭೂಮಿ, ಅದರ ಅತಿಸೂಕ್ಷ್ಮ ಭಿನ್ನರಾಶಿಗಳು ಎಲ್ಲವೂ ಅಧಿಷ್ಠಾನದ ಸುತ್ತ ತಮಿಳಿನಲ್ಲಿ ಕೊರೆಯಲ್ಪಟ್ಟವು. ಈ ನೀಳವಾದ ಸಾಲುಗಳನ್ನು ಗೋಡೆಗೆ ಮುಖಮಾಡಿ ಎಡದಿಂದ ಬಲಕ್ಕೆ ಓದುತ್ತ ಸಾಗುವವನು ಪ್ರದಕ್ಷಿಣಕ್ಕೆ ವಿರುದ್ಧವಾಗಿಯೇ ನಡೆಯಬೇಕಾಗುವುದು! ಭಕ್ತನ ದಾರಿ ಒಂದು, ಕರಣಿಕನ ದಾರಿ ಮತ್ತೊಂದು.

ಇಂತಹ ಲೇಖವನ್ನು ಒಂದೇ ಛಾಯಾಚಿತ್ರದಲ್ಲಿ ಹಿಡಿಯುವುದೆಂತು? ದೂರ ನಿಂತರೆ ಅಕ್ಷರ ಕಾಣದು. ಹತ್ತಿರ ನಿಂತರೆ ಸಾಲು ತುಂಡಾಗುವುದು. ಈ ಕಷ್ಟವನ್ನು 1858ರಲ್ಲಿ ಎದುರಿಸಿದವನು ಮದರಾಸು ಸರಕಾರದ ಛಾಯಾಗ್ರಾಹಕನಾಗಿದ್ದ ಕ್ಯಾಪ್ಟನ್ ಲೀನಿಯಸ್ ಟ್ರೈಪ್ ಎಂಬಾತನು. ಈತನು ಕನ್ನಡಿಗರಿಗೆ ಅಪರಿಚಿತನಲ್ಲ. 1854ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದವನು, ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದವನು.

ಬೆಟ್ಟವೊಂದರ ಮೇಲಿಂದ ಊರಿನ ವಿಶಾಲದೃಶ್ಯವನ್ನು ತೆಗೆಯುವವನು ನಿಂತಲ್ಲಿಯೇ ನಿಂತು ಕ್ಯಾಮರಾವನ್ನು ತಿರುಗಿಸಿದರೆ ಸಾಕು. ಶಾಸನದ ಗೋಡೆಗೆ ಆ ಕ್ರಮವು ಒಗ್ಗದು. ಓರೆಯಾಗಿ ಕಂಡ ಅಕ್ಷರಗಳು ಅಂಚಿನಲ್ಲಿ ಕುಗ್ಗಿ, ನೆರೆಯ ಚಿತ್ರದೊಡನೆ ಹೊಂದಲಾರವು. ಗೋಡೆಯಿಂದ ಸಮಾನ ದೂರದಲ್ಲಿ, ಅದಕ್ಕೆ ಸಮಾಂತರವಾಗಿ, ಕ್ಯಾಮರಾವನ್ನೇ ಹೆಜ್ಜೆಹೆಜ್ಜೆಗೆ ಸರಿಸಬೇಕು. ದೂರವು ತುಸು ಬದಲಾದರೂ ಅಕ್ಷರಗಳ ಗಾತ್ರವು ಬದಲಾಗುವುದು. ಒಂದು ಚಿತ್ರದ ಅಂಚಿನಲ್ಲಿರುವುದು ಮುಂದಿನದರಲ್ಲಿಯೂ ಕೊಂಚ ಬರಬೇಕು. ಆ ಬಳಿಕ ಕತ್ತರಿಸಿ, ಸಾಲಿಗೆ ಸಾಲು ಕೂಡಿಸಿ ಅಂಟಿಸಬೇಕು. ಹೆಚ್ಚು ಕತ್ತರಿಸಿದರೆ ಅಕ್ಷರವೊಂದು ಲೋಪವಾಗುವುದು, ಕಡಮೆ ಕತ್ತರಿಸಿದರೆ ಎರಡು ಬಾರಿ ಬರುವುದು. ದತ್ತಿಯ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ. ಭಿನ್ನರಾಶಿಯ ಒಂದು ಗುರುತು ಹೋದರೆ ದೇವರ ಭೂಮಿಯೇ ಅಷ್ಟು ಕಿರಿದಾದಂತೆ.

ಟ್ರೈಪನು ಹೀಗೆ 21 ಪ್ರತಿಗಳನ್ನು ಕೂಡಿಸಿ ಸುಮಾರು 19 ಅಡಿ ಉದ್ದದ ಪಟವೊಂದನ್ನು ಸಿದ್ಧಪಡಿಸಿದನು. ಪ್ರತಿಗಳನ್ನು ಕೈಯಿಂದ ತಿದ್ದಿರುವುದೂ ಉಂಟು. ದೃಶ್ಯಚಿತ್ರದಲ್ಲಿ ಆಕಾಶವನ್ನು ತಿದ್ದಿದರೆ ಯಾರಿಗೂ ನಷ್ಟವಿಲ್ಲ. ಶಾಸನದಲ್ಲಿ ಕುಂಚವು ಅಕ್ಷರದ ಬಳಿ ಸುಳಿದರೆ ಶೋಧಕನು ಕಲ್ಲನ್ನೇ ಮತ್ತೆ ನೋಡಬೇಕಾಗುವುದು. ಆದರೂ ಕೈಬರಹದ ಪ್ರತಿಗಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಇದಕ್ಕೆ ಮೊದಲು ವಾಲ್ಟರ್ ಎಲಿಯಟ್ ಸಾಹೇಬನು ಕನ್ನಡನಾಡಿನ ಸೀಮೆಗಳಿಂದ ಸಂಗ್ರಹಿಸಿದ 595 ಶಾಸನಗಳು ಲಿಪಿಕಾರರ ಕೈಬರಹದಲ್ಲಿದ್ದವು. ಲಿಪಿಕಾರನು ತನಗೆ ತಿಳಿದಷ್ಟನ್ನೇ ಬರೆಯುವನು. ಮಸೂರವು ತಿಳಿಯದುದನ್ನೂ ಬಿಡದೆ ಹಿಡಿಯುವುದು.

1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ನನು ಈ ಕಾರ್ಯವನ್ನು ದುಂದುವೆಚ್ಚವೆಂದು ನಿಲ್ಲಿಸಿಬಿಟ್ಟನು. ತಂಜಾವೂರಿನ ಶಾಸನಗಳ ಪಾಠವು ಹುಲ್ಟ್ಸ್ ಪಂಡಿತನ ಸಂಪಾದಕತ್ವದಲ್ಲಿ ದಕ್ಷಿಣಭಾರತ ಶಾಸನಗಳ ಎರಡನೆಯ ಸಂಪುಟವಾಗಿ 1891ರಿಂದ ಮುದ್ರಣಗೊಳ್ಳತೊಡಗಿತು.