ಹುತ್ತದ ಅಣಬಿಯಿಂದ ಹೊಟ್ಟಿನ ಅಣಬಿಯವರೆಗೆ



ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವು, ಲಾಭ-ಹಾನಿಯ ಲೆಕ್ಕವನ್ನು ಕಾರ್ಯದರ್ಶಿಗಳು ಕೊಟ್ಟೇ ಕೊಡುತ್ತಾರೆ. ನಾವು ಇಲ್ಲಿ ಒಂದು ಬೆಳೆಯ ಚರಿತ್ರೆ ಬರೆಯಲು ಹೊರಟಿದ್ದೇವೆ. ಆ ಬೆಳೆ ಚಿಪ್ಪಣಬೆ. ಈಗೀಗ ಸ್ವಸಹಾಯ ಸಂಘದ ತಾಯಂದಿರ ಸಭೆಗಳಲ್ಲಿ ಇದರದೇ ಮಾತು. ಮೊಬೈಲಿನಲ್ಲಿ ನೋಡಿದ ಹುಡುಗರು "ಕಾಕಾ, ಒಂದ ಖೋಲ್ಯಾಗ ಲಕ್ಷ ರೂಪಾಯಿ ಬರ್ತಾವಂತ" ಎಂದು ಕಚೇರಿಗೆ ಬಂದು ಸಾಲ ಕೇಳುತ್ತಾರೆ. ಹಿರಿಯರು "ಅದೇನ ಹೊಸಾದು ಬಿಡೋ, ಹುತ್ತಿನ ಮ್ಯಾಲ ನಾವು ಕಂಡದ್ದ" ಎಂದು ನಗುತ್ತಾರೆ. ಇಬ್ಬರಿಗೂ ಪೂರ್ತಿ ಸಂಗತಿ ತಿಳಿದಿಲ್ಲ.

ಮಿರಗದ ಮಳೆ ಬಿದ್ದು ಗುಡುಗು ಹೊಡೆದರೆ ಒಡ್ಡಿನ ಮೇಲೆ, ಹುತ್ತದ ಮಗ್ಗುಲಲ್ಲಿ ಅಣಬೆ ಏಳುತ್ತವೆ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ಕೆಲವು ಮನೆತನದವರು ಅದನ್ನು ಕಾದು ಕುಂತು ತಂದು ತಿನ್ನುತ್ತಿದ್ದರು. ಕೆಲವು ಮನೆಗಳಲ್ಲಿ ಅದು ಅಡ್ಡಿ ಖಂಡಕ್ಕೆ ಸಮ ಎಂದು ಒಳಗೆ ಬರಗೊಡುತ್ತಿರಲಿಲ್ಲ. ಇನ್ನು ಕೆಲವರಿಗೆ ವಿಷದ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ. ಬೆಳ್ಳಿ ನಾಣ್ಯ ಹಾಕಿ ಕುದಿಸಿದರೆ ಕಪ್ಪಾಗುತ್ತದೆ, ಉಳ್ಳಾಗಡ್ಡಿ ಹಾಕಿದರೆ ಬಣ್ಣ ತಿರುಗುತ್ತದೆ ಎಂಬ ಪರೀಕ್ಷೆಗಳನ್ನು ನಂಬಿ ಗುರುತಿಲ್ಲದ ಅಣಬೆ ತಿನ್ನಬಾರದು. ಆ ಪರೀಕ್ಷೆಗಳಿಗೆ ಅರ್ಥವಿಲ್ಲ.

ಹುತ್ತದ ಅಣಬೆಯ ಗುಟ್ಟು ಬೇರೆಯೇ ಇದೆ. ಅದನ್ನು ಬೆಳೆಯುವ ಒಕ್ಕಲಿಗ ಗೆದ್ದಲು ಹುಳ. ಹುತ್ತದ ಒಳಗೆ ಕಸಕಡ್ಡಿ ಅಗಿದು ಮಡಿ ಮಾಡಿ, ಅದರಲ್ಲಿ ಶಿಲೀಂಧ್ರ ಬೆಳೆಸಿ, ಅದನ್ನೇ ತಿಂದು ಗೆದ್ದಲು ಬದುಕುತ್ತದೆ. ಗೆದ್ದಲಿನ ಹಂಗಿಲ್ಲದೆ ಆ ಅಣಬೆಯನ್ನು ಬೇಸಾಯ ಮಾಡುವುದು ಮನುಷ್ಯನಿಗೆ ಇಂದಿಗೂ ಸಾಧಿಸಿಲ್ಲ. ಆದ್ದರಿಂದ ಹಿರಿಯರು ಕಂಡದ್ದೂ ಈಗಿನ ಹುಡುಗರು ಹೇಳುವುದೂ ಬೇರೆ ಬೇರೆ ಜಾತಿಯ ಅಣಬೆಗಳು.

ಚಿಪ್ಪಣಬೆ ಮೂಲತಃ ಸತ್ತ ಮರದ ದಿಮ್ಮಿಯ ಮೇಲೆ ಕಪ್ಪೆಚಿಪ್ಪಿನ ಆಕಾರದಲ್ಲಿ ಪದರು ಪದರಾಗಿ ಬೆಳೆಯುವಂಥದ್ದು. ಮೊದಲನೇ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಜರ್ಮನಿಯ ಫಾಲ್ಕ್ ಎಂಬ ವಿಜ್ಞಾನಿ ಇದನ್ನು ಕಡಿದ ಮರದ ಬೊಡ್ಡೆಗಳ ಮೇಲೆ ಬೆಳೆದು ತೋರಿಸಿದರು. ಆದರೆ ಮರದ ಬೊಡ್ಡೆ ನಂಬಿಕೊಂಡರೆ ನಮ್ಮಂಥ ಬಯಲುಸೀಮೆಯವರಿಗೆ ಏನು ಪ್ರಯೋಜನ? ಇದ್ದ ಜಾಲಿ, ಬೇವು ಕುಂಟೆ-ಕೂರಿಗೆಗೆ, ಒಲೆಗೆ ಸಾಲುತ್ತಿರಲಿಲ್ಲ.

ಇಲ್ಲಿಂದ ಮುಂದಿನ ಕಥೆ ನಮ್ಮ ರಾಜ್ಯದ್ದು. ಇದನ್ನು ನಮ್ಮ ಜನ ಹೆಚ್ಚು ಬಲ್ಲವರಲ್ಲವೆಂದು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಶುರುವಾಯಿತು. ದೇಶಕ್ಕೆ ಹೊಟ್ಟೆ ತುಂಬ ಕಾಳು ಸಿಗದೆ, ಅಮೇರಿಕದಿಂದ ಹಡಗಿನಲ್ಲಿ ಗೋಧಿ ಬರುತ್ತಿದ್ದ ಕಾಲವದು. ಕಡಿಮೆ ಖರ್ಚಿನಲ್ಲಿ ಬಡವರ ಊಟಕ್ಕೆ ಸತ್ವ ಸೇರಿಸುವುದು ಹೇಗೆ ಎಂಬುದೇ ಆ ಸಂಸ್ಥೆಯವರ ಚಿಂತೆ. ಶೇಂಗಾ ಹಿಂಡಿಯ ಹಿಟ್ಟಿನ ಮೇಲೆ ಪ್ರಯೋಗ ನಡೆದದ್ದೂ ಅಲ್ಲಿಯೇ, ಎಮ್ಮೆ ಹಾಲಿನಿಂದ ಕೂಸುಗಳ ಆಹಾರ ಮಾಡುವ ವಿಧಾನ ಸಿದ್ಧವಾದದ್ದೂ ಅಲ್ಲಿಯೇ. ಅಲ್ಲಿನ ಝಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಎಂಬ ವಿಜ್ಞಾನಿಗಳು 1962ರಲ್ಲಿ ಚಿಪ್ಪಣಬೆಯ ಒಂದು ಜಾತಿಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆದು ಅದರ ವಿಧಾನವನ್ನು ಪ್ರಕಟಿಸಿದರು. ಭಾರತದಲ್ಲಿ ಚಿಪ್ಪಣಬೆ ಬೇಸಾಯದ ಆರಂಭವೆಂದರೆ ಇದೇ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಮರದಿಂದ ಹುಲ್ಲಿಗೆ ಇಳಿದದ್ದರಿಂದಲೇ ಇದು ಒಕ್ಕಲಿಗನ ಬೆಳೆಯಾಯಿತು.

ಮುಂದೆ 1974ರ ಸುಮಾರಿಗೆ ಜಂದಾಯಿಕ್ ಮತ್ತು ಕಪೂರ್ ಅವರು ಬೂದುಬಣ್ಣದ ಇನ್ನೊಂದು ಜಾತಿಯನ್ನು ಹುಲ್ಲಿನ ಮೇಲೆ ಬೆಳೆದರು. ಇದು ಸಿಕ್ಕದ್ದು ಹಿಮಾಲಯದ ತಪ್ಪಲಿನ ಕಳ್ಳಿ ಗಿಡದ ಮೇಲೆ! ನಮ್ಮ ಬೇಲಿಯ ಕಳ್ಳಿಯ ದಾಯಾದಿ ಎನ್ನಿರಿ. ಹಿಮಾಚಲದ ಸೋಲನ್‌ನಲ್ಲಿ 1983ರಲ್ಲಿ ಅಣಬೆಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಪೇಟೆಯಲ್ಲಿ ಸಿಗುವ ಗುಂಡಿ ಅಣಬೆಗೆ ವಾರಗಟ್ಟಲೆ ಗೊಬ್ಬರ ಕಳಿಸಬೇಕು, ತಂಪು ಹವೆ ಬೇಕು. ಚಿಪ್ಪಣಬೆಗೆ ಅವೆರಡರ ಗೋಜಿಲ್ಲ. 20ರಿಂದ 30 ಡಿಗ್ರಿ ಉಷ್ಣತೆ, ಒಳ್ಳೆಯ ಪಸೆ ಇದ್ದರೆ ಸಾಕು.

ಹಾಗಾದರೆ ಮೈಸೂರಿನಲ್ಲಿ 1962ರಲ್ಲಿ ಬೆಳೆದದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಗೆ ಬರಲು ಇಷ್ಟು ವರ್ಷ ಯಾಕೆ ಹಿಡಿಯಿತು?

ಹುಲ್ಲು-ಹೊಟ್ಟಿನ ಕೊರತೆಯಂತೂ ಅಲ್ಲ. ಧೂಪದಾಳದ ಒಡ್ಡು 1897ರಲ್ಲಿ ಮುಗಿದು ಘಟಪ್ರಭೆಯ ನೀರು ಎಡದಂಡೆ ಕಾಲುವೆಗೆ ಹರಿಯಿತು, ಆಮೇಲೆ ಹಿಡಕಲ್ ಜಲಾಶಯವಾಯಿತು. ಜೋಳ-ಸಜ್ಜೆಯ ಹೊಲಗಳು ಕಬ್ಬು, ಗೋವಿನಜೋಳಕ್ಕೆ ತಿರುಗಿದವು, ಮುಂದೆ ಸೋಯಾಬೀನ್ ಬಂತು. ಇಂದು ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚಿ ಊರೆಲ್ಲ ಹೊಗೆ ಮಾಡುತ್ತೇವೆ. ಸೋಯಾ ಹೊಟ್ಟನ್ನು ಒಡ್ಡಿನ ಮೇಲೆ ಚೆಲ್ಲುತ್ತೇವೆ. ಚಿಪ್ಪಣಬೆಗೆ ಸೋಯಾ ಹೊಟ್ಟು, ಗೋಧಿ ಹೊಟ್ಟು ಬಹಳ ಚಲೋ; ಗೋವಿನಜೋಳದ ಒಣ ದಂಟೂ ನಡೆಯುತ್ತದೆ. ದನ ತಿನ್ನುವ ಕಣಕಿಯನ್ನು ಮಾತ್ರ ಅಣಬೆಗೆ ಹಾಕಬೇಡಿರಿ ಎಂಬುದು ನಮ್ಮ ಅಭಿಪ್ರಾಯ.

ಅಡ್ಡಿ ಇದ್ದದ್ದು ಬೀಜದಲ್ಲಿ. ಅಣಬೆಗೆ ನಿಜವಾಗಿ ಬೀಜವಿಲ್ಲ. ಅರ್ಧ ಬೇಯಿಸಿದ ಜೋಳದ ಕಾಳನ್ನು ಹಬೆಯ ಒತ್ತಡದಲ್ಲಿ ಶುದ್ಧ ಮಾಡಿ, ಅದರ ಮೇಲೆ ಶಿಲೀಂಧ್ರದ ಬಿಳಿ ಎಳೆ ಹಬ್ಬಿಸುತ್ತಾರೆ. ಅದನ್ನೇ ನಾವು ಬೀಜ ಎನ್ನುವುದು. ಹೌದು, ನಾವು ರೊಟ್ಟಿ ಬಡಿಯುವ ಜೋಳವೇ! ಕಾಳು ನಮ್ಮದು, ಎಳೆ ಹಬ್ಬಿಸುವ ಪ್ರಯೋಗಶಾಲೆ ಮಾತ್ರ ಎಲ್ಲೋ ದೂರ. ಆ ಬೀಜ ಜೀವಂತ ವಸ್ತು. ತಂಪಿನಲ್ಲಿಟ್ಟರೆ ತಿಂಗಳು ತಾಳುತ್ತದೆ, ಬೇಸಿಗೆಯ ಬಸ್ಸಿನ ಮಾಡಿನ ಮೇಲೆ ಇಟ್ಟರೆ ಸಂಜೆಗೇ ಕೆಡುತ್ತದೆ. ಮೈಸೂರಿನಿಂದಲೋ ಬೆಂಗಳೂರು ಹತ್ತಿರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೋ ತಂದು ಇಲ್ಲಿ ಒಬ್ಬ ಸಣ್ಣ ರೈತ ಬೆಳೆಯುವುದು ಆಗದ ಮಾತಾಗಿತ್ತು. ಧಾರವಾಡದಲ್ಲಿ 1986ರಲ್ಲಿ ಕೃಷಿ ವಿಶ್ವವಿದ್ಯಾಲಯವಾದ ಮೇಲೆ ಬೀಜ ನಮಗೆ ಸಮೀಪ ಬಂತು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು, ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಬಂದವು. ಈಗ ಕೇಳಿ ತಿಳಿಯಲು ಮೂಡಲಗಿಯವರು ದೂರ ಹೋಗಬೇಕಿಲ್ಲ.

ಬೆಳೆಯುವ ಕ್ರಮ ಕಠಿಣವಲ್ಲ. ಹೊಟ್ಟನ್ನು ಒಂದು ರಾತ್ರಿ ನೆನೆಹಾಕಿ, ಬಿಸಿನೀರಿನಲ್ಲಿ ಸುಮಾರು ಒಂದು ತಾಸು ಇಟ್ಟು, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರು ಹೊಟ್ಟು, ಒಂದು ಪದರು ಬೀಜ ಹೀಗೆ ತುಂಬಿ, ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲೆ ಖೋಲಿಯಲ್ಲಿ ಇಡಬೇಕು. ಹದಿನೈದಿಪ್ಪತ್ತು ದಿವಸಕ್ಕೆ ಹೊಟ್ಟೆಲ್ಲ ಬೆಳ್ಳಗಾಗುತ್ತದೆ. ಆಗ ಚೀಲ ಸೀಳಿ, ಬೆಳಕು-ಗಾಳಿ ಕೊಟ್ಟು, ನೀರು ಸಿಂಪಡಿಸಿದರೆ ವಾರದೊಳಗೆ ಮೊದಲ ಕೊಯ್ಲು. ಆಮೇಲೆ ಎಂಟು-ಹತ್ತು ದಿನಕ್ಕೊಮ್ಮೆ ಇನ್ನೆರಡು ಕೊಯ್ಲು. ಒಂದು ಕಿಲೋ ಒಣ ಹೊಟ್ಟಿಗೆ ಎಲ್ಲ ಸೇರಿ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಹಸಿ ಅಣಬೆ ಬಂದರೆ ಬೆಳೆ ಸುಮಾರಾಗಿ ಬಂತು ಎನ್ನಬಹುದು. ಉಳಿದ ಹೊಟ್ಟು ಎರೆಗೊಬ್ಬರಕ್ಕೆ. ಎರಡು ಎಚ್ಚರಿಕೆ ಮರೆಯಬಾರದು. ಅಂಚು ಮೇಲೆ ಮಡಚುವ ಮೊದಲೇ ಕೊಯ್ಯಬೇಕು, ಇಲ್ಲದಿದ್ದರೆ ಅದರ ಧೂಳಿನಿಂದ ಕೆಮ್ಮು, ಉಬ್ಬಸ ಬರುತ್ತದೆ. ಖೋಲಿಯೊಳಗೆ ಹೋಗುವಾಗ ಮುಖಕ್ಕೆ ವಸ್ತ್ರ ಕಟ್ಟಿಕೊಳ್ಳಬೇಕು. ಇನ್ನು, ಮಾರ್ಚ್‌ದಿಂದ ಮೇ ತನಕ ನಮ್ಮ ಬಿಸಿಲಿಗೆ ಇದರ ಗೊಡವೆಗೆ ಹೋಗಬಾರದು.

ಆರೋಗ್ಯದ ವಿಷಯದಲ್ಲಿ ಜನರಿಗೆ ಬಹಳ ತಪ್ಪು ತಿಳಿವಳಿಕೆ ಹಬ್ಬಿದೆ. "ಬ್ಯಾಳಿಗಿಂತ ಹೆಚ್ಚು ಪ್ರೋಟೀನ್" ಎಂದು ಪ್ಯಾಕೀಟಿನ ಮೇಲೆ ಛಾಪಿಸುತ್ತಾರೆ. ಅದು ಒಣಗಿಸಿದ ಅಣಬೆಯ ಲೆಕ್ಕ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುತ್ತದೆ, ಪ್ರೋಟೀನ್ ಮೂರು ಪಾಲಿನ ಆಸುಪಾಸು. ಬೇಳೆ ಬಿಟ್ಟು ಅಣಬೆ ತಿನ್ನಿರಿ ಎಂದರೆ ಅದು ಸರಿಯಲ್ಲ. ಆದರೆ ಕಾಯಿಪಲ್ಯದ ಸಾಲಿನಲ್ಲಿಟ್ಟು ನೋಡಿದರೆ ಇದು ಮೇಲಿನ ಸಾಲಿಗೆ ನಿಲ್ಲುತ್ತದೆ. ಜಿಡ್ಡು ಕಡಿಮೆ, ನಾರು ಉಂಟು, ಬಿ ಗುಂಪಿನ ಕೆಲವು ಜೀವಸತ್ವಗಳುಂಟು. ಅಡಿಗೆಗೆ ಮೊದಲು ಹೆಚ್ಚಿ ಅರ್ಧ ತಾಸು ಬಿಸಿಲಿಗೆ ಇಟ್ಟರೆ ಡಿ ಜೀವಸತ್ವವೂ ಹುಟ್ಟುತ್ತದೆ. ಸಕ್ಕರೆ ಕಾಯಿಲೆಯವರು ತಿನ್ನಬಹುದು, ಆದರೆ ಅಣಬೆ ತಿಂದೆವೆಂದು ಗುಳಿಗೆ ಬಿಡಬಾರದು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ತಿನ್ನಬೇಕು.

ನಮ್ಮ ಮನೆಗಳಿಗೆ ಒಗ್ಗುವ ರೀತಿ ಎಂದರೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಒಗ್ಗರಣೆಗೆ ಹಾಕಿ, ಅಣಬೆ ಬಾಡಿಸಿ, ಕೆಂಪು ಖಾರ, ಶೇಂಗಾ ಪುಡಿ ಉದುರಿಸಿ ಬಿಸಿ ರೊಟ್ಟಿಯ ಜೊತೆ ಉಣ್ಣುವುದು. ಖಂಡದಂಥ ರುಚಿ ಎಂದು ಕೆಲವರು ಹೊಗಳುತ್ತಾರೆ, ಅದೇ ಕಾರಣಕ್ಕೆ ಕೆಲವರು ಬಿಡುತ್ತಾರೆ. ಇದು ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ. ರೊಟ್ಟಿಯ ಮೇಲಿನ ಬೂಷ್ಟಿನ ಕುಲದ್ದು. ತಿನ್ನುವುದು ಬಿಡುವುದು ಅವರವರ ಮನೆಯ ಪದ್ಧತಿ.

ಈಗ ಮಾರಾಟದ ಮಾತು. ಹಸಿ ಅಣಬೆ ಹೊರಗೆ ಇಟ್ಟರೆ ಮಾರನೇ ದಿನಕ್ಕೆ ಬಾಡುತ್ತದೆ. ಒಂದೇ ಊರಿನ ಹತ್ತು ಮನೆಯವರು ಒಂದೇ ದಿನ ಕೊಯ್ದು ಪೇಟೆಗೆ ಒಯ್ದರೆ ಕೇಳಿದ ದರಕ್ಕೆ ಕೊಟ್ಟು ಬರಬೇಕಾಗುತ್ತದೆ. ಇದನ್ನು ಬಲ್ಲ ಜನ ಊರೂರಿಗೆ ಬಂದು, "ಬೀಜ, ಚೀಲ, ಔಷಧ ನಮ್ಮಿಂದ ಕೊಳ್ಳಿರಿ, ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ" ಎಂದು ಮುಂಗಡ ಇಸಿದುಕೊಂಡು, ಎರಡನೇ ಕೊಯ್ಲಿಗೆ ಫೋನು ಎತ್ತದಂತಾದದ್ದನ್ನು ನಾವು ಕಂಡಿದ್ದೇವೆ. ರೊಕ್ಕ ಕಳೆದುಕೊಂಡವರಲ್ಲಿ ನಮ್ಮ ಸದಸ್ಯರೂ ಇದ್ದಾರೆ. ಆ ಮನೆಗಳಲ್ಲಿ ಅಣಬೆ ಚೆನ್ನಾಗಿಯೇ ಬೆಳೆದಿತ್ತು.

ಸಂಘ ನೆನಪಾಗಬೇಕಾದದ್ದು ಇಲ್ಲಿ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದಾಗ ರೈತ ಒಬ್ಬಂಟಿಯಾಗಿ ಸಾವಕಾರನ ಮುಂದೆ ನಿಲ್ಲುವ ಪರಿಸ್ಥಿತಿ ಇತ್ತು. ಅಣಬೆ ಬೆಳೆಯುವ ಹೆಣ್ಣುಮಗಳು ಇವತ್ತು ಬೀಜದವನ ಮುಂದೆ, ಪೇಟೆಯ ದಲಾಲಿಯ ಮುಂದೆ ಹಾಗೆಯೇ ನಿಂತಿದ್ದಾಳೆ. ಬಿಹಾರ, ಒಡಿಶಾಗಳಲ್ಲಿ ಮಹಿಳಾ ಗುಂಪುಗಳು ಇದನ್ನು ಒಟ್ಟಾಗಿ ನಡೆಸಿಕೊಂಡು ಬಂದಿವೆ.

ಆಡಳಿತ ಮಂಡಳಿಯಲ್ಲಿ ಈ ವಿಷಯ ಬಂದಾಗ "ಪತ್ತಿನ ಸಂಘಕ್ಕ ಅಣಬಿ ಉಸಾಬರಿ ಯಾಕ್ರಿ?" ಎಂದವರಿದ್ದಾರೆ. ಶೆಡ್ಡಿಗೆ ಲಕ್ಷಗಟ್ಟಲೆ ಸಾಲ ಕೊಡೋಣ ಎಂದವರೂ ಇದ್ದಾರೆ. ನಮಗೆ ಎರಡೂ ಒಪ್ಪಿಗೆಯಿಲ್ಲ. ಮೊದಲಿಗೆ ಸಾಲವೇ ಬೇಡ. ಬೇಕಾದವರ ಹೆಸರು ಕೂಡಿಸಿ, ಧಾರವಾಡಕ್ಕೆ ಮುಂಗಡ ತಿಳಿಸಿ, ಒಂದೇ ಗಾಡಿಯಲ್ಲಿ ರಾತ್ರಿ ತಂಪಿನಲ್ಲಿ ಬೀಜ ತರಿಸಿ, ಕೊಂಡ ದರಕ್ಕೇ ಹಂಚುವುದು. ಮನೆಗೆ ಹತ್ತು ಚೀಲಕ್ಕಿಂತ ಹೆಚ್ಚು ಕೊಡಬಾರದು. ಯಾರು ಯಾವ ವಾರ ಚೀಲ ತುಂಬಬೇಕೆಂದು ಪಾಳಿ ಹಚ್ಚಿದರೆ ಎಲ್ಲರ ಕೊಯ್ಲು ಒಂದೇ ದಿನ ಬರುವುದಿಲ್ಲ. ಮಾರದೆ ಉಳಿದದ್ದನ್ನು ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ.

ಈ ಸೂಚನೆ ವಾರ್ಷಿಕ ಸಾಧಾರಣ ಸಭೆಯ ಮುಂದೆ ಬರಲಿದೆ. ಒಪ್ಪಿಗೆಯಾದರೆ, ದೀಪಾವಳಿ ಹೊತ್ತಿಗೆ ಸೋಯಾ ರಾಶಿ ಮುಗಿದು ಹೊಟ್ಟು ಮನೆಗೆ ಬಂದಿರುತ್ತದಾದ್ದರಿಂದ, ಬೀಜ ಬೇಕಾದವರು ದಸರೆಯ ಒಳಗೆ ಕಚೇರಿಯಲ್ಲಿ ಹೆಸರು ಬರೆಸಬೇಕಾಗುತ್ತದೆ. ಆ ಹೊಟ್ಟು ಮಳೆಗೆ ತೊಯ್ಯದಂತೆ ಒಳಗೆ ಒಟ್ಟಿ ಇಡಿರಿ.