ಸಾಸಿವೆ ಡಬ್ಬಿಯಿಂದ ಪಾಸ್‌ಬುಕ್ಕಿನವರೆಗೆ: ಪತ್ನಿಯ ಸೊತ್ತಿನ ಚರಿತ್ರೆ

ಬೆಂಗಳೂರಿನವರ ಮಾತಿನಲ್ಲಿ 'ಖಾತೆ' ಎಂಬ ಪದಕ್ಕೆ ಮೂರು ಅರ್ಥಗಳಿವೆ. ಮನೆ, ನಿವೇಶನಗಳ ಒಡೆಯ ಯಾರೆಂದು ಪಾಲಿಕೆ ದಾಖಲಿಸುವ ಪುಟ ಖಾತೆ. ಬ್ಯಾಂಕಿನಲ್ಲಿ ನಮ್ಮ ಹೆಸರಿನಲ್ಲಿರುವ ಲೆಕ್ಕ ಖಾತೆ. ಅಂಗಡಿಯವನು ಗಿರಾಕಿಯ ಬಾಕಿಯನ್ನು ಬರೆದಿಡುವುದೂ ಖಾತೆಯೇ. ಯಾವುದು ಯಾರದು ಎಂಬುದನ್ನು ಬರೆದಿಡುವುದೇ ಈ ಮೂರರ ಕೆಲಸ. ಹಳೆಯ ಪೇಟೆಯಲ್ಲಿ ಓಣಿಗೊಂದು ಸರಕು, ಸರಕಿಗೊಂದು ಓಣಿ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಅರಳೆಗೆ ಅರಳೆಪೇಟೆ. ಆ ಅರಳೆಪೇಟೆಯಲ್ಲೇ ಹಝ್ರತ್ ತವಕ್ಕಲ್ ಮಸ್ತಾನರ ದರ್ಗಾ ಇದೆ. ವರ್ಷಕ್ಕೊಮ್ಮೆ ಕರಗವೂ ಅಲ್ಲಿಗೆ ಬಂದು ಹೋಗುತ್ತದೆ. ಇಂತಹ ವರ್ತಕರ ಓಣಿಗಳಲ್ಲಿ ಲೆಕ್ಕವಿಲ್ಲದೆ ಒಂದು ಮೂಟೆಯೂ ಅಲುಗುವುದಿಲ್ಲ. ಆದರೆ ಅದೇ ಅಂಗಡಿಗಳ ಹಿಂದಿನ, ಮೇಲಿನ ಮನೆಗಳಲ್ಲಿ ಪತಿಯ ಹಣ ಯಾವುದು, ಪತ್ನಿಯ ಹಣ ಯಾವುದು ಎಂಬುದಕ್ಕೆ ಮಾತ್ರ ಯಾವ ಪುಸ್ತಕವೂ ಇರಲಿಲ್ಲ. ಪತ್ನಿಯ ಪಾಲಿಗಿದ್ದುದು ಸಾಸಿವೆ ಡಬ್ಬಿ.

ಆ ಡಬ್ಬಿಯ ಮುಚ್ಚಳ ಒಮ್ಮೆಲೇ ತೆರೆದದ್ದು 2016ರ ನವೆಂಬರ್ 8ರ ರಾತ್ರಿ. 500 ಮತ್ತು 1000 ರೂಪಾಯಿಗಳ ನೋಟುಗಳು ಚಲಾವಣೆಯಿಂದ ರದ್ದಾದವು. ಅವುಗಳನ್ನು ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರ ಗಡುವಿತ್ತು. ಸೀರೆಯ ಮಡಿಕೆಯಲ್ಲಿ, ಬೇಳೆಯ ತಳದಲ್ಲಿ, ಹಾಸಿಗೆಯ ಕೆಳಗೆ ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಮಹಿಳೆಯರು ಮನೆಯವರ ಮುಂದೆ ತಂದಿಡಬೇಕಾಯಿತು. ಸ್ವಂತ ಖಾತೆಯಿಲ್ಲದವರು ಅದನ್ನು ಪತಿಯ ಇಲ್ಲವೇ ಮಗನ ಖಾತೆಗೆ ಕಟ್ಟಿಸಿದರು. ಗೃಹಿಣಿಯರ ಎರಡೂವರೆ ಲಕ್ಷದವರೆಗಿನ ಜಮೆಯನ್ನು ಪ್ರಶ್ನಿಸುವುದಿಲ್ಲವೆಂದು ಸರಕಾರ ಆಗ ಹೇಳಿತು. 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠವೂ ಒಂದು ಪ್ರಕರಣದಲ್ಲಿ ಗೃಹಿಣಿಯ ಪರವಾಗಿ ತೀರ್ಪಿತ್ತಿತು. ತೆರಿಗೆಯ ಪ್ರಶ್ನೆ ಹೀಗೆ ಬಗೆಹರಿಯಿತು. ಪತಿಯ ಖಾತೆ ಸೇರಿದ ಆ ಹಣ ಈಗ ಯಾರದು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಹಾಗೆಯೇ ಉಳಿಯಿತು.

ಇಸ್ಲಾಮಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಆರಂಭದಲ್ಲೇ ಉತ್ತರ ದೊರೆತಿದೆ. ಪುರುಷರ ಗಳಿಕೆಯಲ್ಲಿ ಪುರುಷರಿಗೂ ಸ್ತ್ರೀಯರ ಗಳಿಕೆಯಲ್ಲಿ ಸ್ತ್ರೀಯರಿಗೂ ಪಾಲಿದೆಯೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಸಾರಿತು. ಮಹ್ರ್ ಅನ್ನು ವಧುವಿಗೇ ಕೊಡಬೇಕೆಂದು ಆಜ್ಞಾಪಿಸಿತು. ಕೊಟ್ಟದ್ದು ರಾಶಿಯಷ್ಟಿದ್ದರೂ ಮರಳಿ ಕಸಿಯಬಾರದೆಂದು ಎಚ್ಚರಿಸಿತು. ಹಝ್ರತ್ ಖದೀಜಾ(ರ)ರ ವ್ಯಾಪಾರವನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿ ಬಲ್ಲೆವು. ಆದರೆ ಪತಿ-ಪತ್ನಿಯರ ಪ್ರತ್ಯೇಕ ಲೆಕ್ಕದ ವಿಷಯದಲ್ಲಿ ಅಷ್ಟಾಗಿ ನೆನೆಯದ ಇನ್ನಿಬ್ಬರು ಮಹಿಳೆಯರ ವೃತ್ತಾಂತ ಹೆಚ್ಚು ಬೆಳಕು ನೀಡುತ್ತದೆಂದು ನನಗನಿಸುತ್ತದೆ.

ಮೊದಲನೆಯವರು ಅಬ್ದುಲ್ಲಾ ಇಬ್ನ್ ಮಸ್‌ಊದ್(ರ)ರ ಪತ್ನಿ ಝೈನಬ್(ರ). ಪತಿ ಬಡವರು, ಇವರ ಬಳಿ ಸ್ವಂತ ಹಣವಿತ್ತು. ಆಭರಣದಿಂದಾದರೂ ದಾನ ಮಾಡಿರೆಂದು ಪ್ರವಾದಿ(ಸ)ರು ಮಹಿಳೆಯರಿಗೆ ಉಪದೇಶಿಸಿದಾಗ, ತನ್ನ ದಾನವನ್ನು ಪತಿಗೂ ತನ್ನ ಆಶ್ರಯದಲ್ಲಿರುವ ಅನಾಥರಿಗೂ ಕೊಟ್ಟರೆ ಸಲ್ಲುವುದೇ ಎಂಬ ಸಂದೇಹ ಅವರಿಗೆ ಬಂತು. ಪ್ರವಾದಿ(ಸ)ರ ಬಾಗಿಲಿಗೆ ಹೋದರು. ಅಲ್ಲಿ ಇದೇ ಪ್ರಶ್ನೆ ಹೊತ್ತು ಅನ್ಸಾರಿ ಮಹಿಳೆಯೊಬ್ಬರೂ ನಿಂತಿದ್ದರು. ಒಳಗೆ ಹೋಗಿ ಕೇಳಿ ಬನ್ನಿ, ಆದರೆ ನಾವು ಯಾರೆಂದು ಹೇಳಬೇಡಿ ಎಂದು ಅವರಿಬ್ಬರೂ ಹಝ್ರತ್ ಬಿಲಾಲ್(ರ)ರನ್ನು ವಿನಂತಿಸಿಕೊಂಡರು. ಮನೆಯ ಹಣದ ಮಾತು ಊರಿಗೆ ತಿಳಿಯಬಾರದೆಂಬ ಸಂಕೋಚ ಹದಿನಾಲ್ಕು ಶತಮಾನಗಳ ಹಿಂದೆಯೂ ಇತ್ತು. ಪ್ರವಾದಿ(ಸ)ರೇ ಕೇಳಿದಾಗ ಬಿಲಾಲ್(ರ)ರು ಹೆಸರು ಹೇಳಲೇಬೇಕಾಯಿತು, ಆ ಮಾತು ಬೇರೆ. ಅಂತಹ ದಾನಕ್ಕೆ ಇಮ್ಮಡಿ ಪುಣ್ಯವಿದೆ, ಬಂಧುತ್ವದ್ದೊಂದು, ದಾನದ್ದೊಂದು ಎಂಬ ಉತ್ತರ ಬಂತು. ಪತ್ನಿಯ ಹಣ ಮದುವೆಯೊಂದಿಗೇ ಪತಿಯದಾಗುವುದಿದ್ದರೆ, ಪತಿಗೆ ಅದನ್ನು ದಾನ ಮಾಡುವ ಮಾತೇ ಹುಟ್ಟುತ್ತಿರಲಿಲ್ಲ.

ಎರಡನೆಯವರು ಅಬೂ ಸುಫ್ಯಾನ್‌ರ ಪತ್ನಿ ಹಿಂದ್ ಬಿಂತ್ ಉತ್ಬಾ. ತನ್ನ ಪತಿ ಜಿಪುಣ, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ, ತಾನು ಅವನಿಗೆ ತಿಳಿಯದಂತೆ ತೆಗೆದುಕೊಂಡರೆ ಮಾತ್ರ ನಡೆಯುತ್ತದೆ ಎಂದು ಅವರು ಪ್ರವಾದಿ(ಸ)ರ ಮುಂದೆ ದೂರಿಕೊಂಡರು. ನಿನಗೂ ನಿನ್ನ ಮಕ್ಕಳಿಗೂ ವಾಡಿಕೆಯಂತೆ ಸಾಕಾಗುವಷ್ಟನ್ನು ತೆಗೆದುಕೋ ಎಂಬ ಅನುಮತಿ ದೊರೆಯಿತು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇರುವ ಈ ಹದೀಸನ್ನು ವಿದ್ವಾಂಸರು ದೀರ್ಘವಾಗಿ ಚರ್ಚಿಸಿದ್ದಾರೆ: ಇದು ಎಲ್ಲರಿಗೂ ಅನ್ವಯಿಸುವ ಫತ್ವಾವೇ, ಗೈರುಹಾಜರಿದ್ದ ಪತಿಯ ವಿರುದ್ಧ ಕೊಟ್ಟ ತೀರ್ಪೇ ಎಂದು. ನಮ್ಮ ವಿಷಯಕ್ಕೆ ಬೇಕಾದುದು ಅದರ ಮೇರೆ. ಜೀವನಾಂಶ ಪತ್ನಿಯ ಹಕ್ಕಾದುದರಿಂದ ಅಷ್ಟರ ಮಟ್ಟಿಗೆ ಗುಟ್ಟಾಗಿ ತೆಗೆಯಲೂ ಅವಕಾಶ ಸಿಕ್ಕಿತು. 'ವಾಡಿಕೆಯಂತೆ' ಎಂಬ ಮಾತು ಅದರಾಚೆಗಿನ ಪತಿಯ ಸೊತ್ತನ್ನು ಅವನಿಗೇ ಉಳಿಸಿತು.

ಎಲ್ಲ ಮದ್ಹಬ್‌ಗಳೂ ಒಂದೇ ಮಾತು ಹೇಳಿದವೆಂದರೆ ತಪ್ಪಾದೀತು. ವಿವಾಹಿತ ಮಹಿಳೆ ತನ್ನ ಸೊತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಪತಿಯ ಒಪ್ಪಿಗೆಯಿಲ್ಲದೆ ದಾನ ಮಾಡಬಾರದೆಂದು ಮಾಲಿಕೀ ಪಂಥ ನಿರ್ಬಂಧಿಸಿತು. ಹನಫೀ ಮತ್ತು ಶಾಫಿಈ ಪಂಥಗಳು ಇಂಥ ನಿರ್ಬಂಧವನ್ನು ಒಪ್ಪಲಿಲ್ಲ. ನಮ್ಮ ನಾಡಿನ ಮುಸ್ಲಿಮರಲ್ಲಿ ಬಹುಪಾಲು ಈ ಎರಡು ಪಂಥಗಳವರೇ. ಸೊತ್ತಿನ ಒಡೆತನ ಪತ್ನಿಯದೇ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇಂಗ್ಲೆಂಡಿನ ಸ್ಥಿತಿ ಇದಕ್ಕೆ ತೀರಾ ವ್ಯತಿರಿಕ್ತವಾಗಿತ್ತು. ಮದುವೆಯಾದೊಡನೆ ಸ್ತ್ರೀಯ ಕಾನೂನುಬದ್ಧ ಅಸ್ತಿತ್ವವೇ ಪತಿಯಲ್ಲಿ ಲೀನವಾಗುತ್ತದೆಂದು ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ 1765ರಲ್ಲಿ ವಿವರಿಸಿದ. ಅವಳ ಸಂಬಳ, ಅವಳ ನಗದು ಪತಿಯದಾಗುತ್ತಿತ್ತು. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು ಬ್ರಿಟಿಷ್ ರಾಯಭಾರಿಯ ಪತ್ನಿಯಾಗಿ ಇಸ್ತಾಂಬುಲ್‌ನಲ್ಲಿದ್ದ ಲೇಡಿ ಮೇರಿ ಮಾಂಟೆಗ್ಯೂ, ತುರ್ಕಿಯ ಶ್ರೀಮಂತ ಮಹಿಳೆಯರ ಹಣ ಅವರ ಕೈಯಲ್ಲೇ ಇರುವುದನ್ನೂ ವಿಚ್ಛೇದನವಾದರೆ ಅವರು ಅದನ್ನು ಕೊಂಡೊಯ್ಯುವುದನ್ನೂ ಕಂಡು ಬೆರಗಿನಿಂದ ಊರಿಗೆ ಪತ್ರ ಬರೆದಿದ್ದಳು. ಇಂಗ್ಲಿಷ್ ಪತ್ನಿಗೆ ತನ್ನ ಗಳಿಕೆಯ ಮೇಲೆ ಹಕ್ಕು ಸಿಕ್ಕಿದ್ದು 1870ರಲ್ಲಿ, ಸೊತ್ತಿನ ಮೇಲೆ ಪೂರ್ಣ ಹಕ್ಕು ದೊರೆತದ್ದು 1882ರಲ್ಲಿ. ಫ್ರಾನ್ಸಿನಲ್ಲಿ ಪತಿಯ ಅನುಮತಿಯಿಲ್ಲದೆ ಪತ್ನಿ ಬ್ಯಾಂಕ್ ಖಾತೆ ತೆರೆಯಲು 1965ರ ಕಾನೂನು ಬರಬೇಕಾಯಿತು.

ಬ್ರಿಟಿಷರು ಭಾರತದಲ್ಲಿ 1874ರಲ್ಲಿ ವಿವಾಹಿತ ಮಹಿಳೆಯರ ಸೊತ್ತಿನ ಕಾಯ್ದೆಯನ್ನು ತಂದಾಗ ಹಿಂದೂ, ಮುಸ್ಲಿಮ್, ಬೌದ್ಧ, ಸಿಖ್ ಮತ್ತು ಜೈನ ಮಹಿಳೆಯರನ್ನು ಅದರಿಂದ ಹೊರಗಿಟ್ಟರು. ಮೊದಲ ಓದಿಗೆ ಇದು ಅನ್ಯಾಯವೆನಿಸಬಹುದು. ಆದರೆ ಪತ್ನಿಯ ಸೊತ್ತು ಪತಿಯಲ್ಲಿ ಕರಗುವ ಇಂಗ್ಲಿಷ್ ನಿಯಮವೇ ಇವರ ಧರ್ಮಶಾಸ್ತ್ರಗಳಲ್ಲಿರಲಿಲ್ಲ. ಇಲ್ಲದ ರೋಗಕ್ಕೆ ಮದ್ದು ಏಕೆ? ಅದರ ಹಿಂದಿನ ವರ್ಷ, 1873ರಲ್ಲಿ ಬಂದ ಸರಕಾರಿ ಉಳಿತಾಯ ಬ್ಯಾಂಕುಗಳ ಕಾಯ್ದೆಯಂತೂ ವಿವಾಹಿತ ಮಹಿಳೆ ಇಟ್ಟ ಠೇವಣಿಯನ್ನು ಅವಳಿಗೇ ಪಾವತಿಸುವ ಬಗ್ಗೆ ಪ್ರತ್ಯೇಕ ಕಲಮನ್ನೇ ಹೊಂದಿತ್ತು. 1937ರ ಶರೀಅತ್ ಅನ್ವಯ ಕಾಯ್ದೆ, ಶರೀಅತ್ ಪ್ರಕಾರ ತೀರ್ಮಾನವಾಗಬೇಕಾದ ವಿಷಯಗಳ ಪಟ್ಟಿಯಲ್ಲಿ ಮಹಿಳೆಯರ ವಿಶೇಷ ಸೊತ್ತನ್ನು ಹೆಸರಿಸಿಯೇ ಸೇರಿಸಿತು. ಕೃಷಿಭೂಮಿಯನ್ನು ಬಿಟ್ಟದ್ದು ಅದರ ದೊಡ್ಡ ಕೊರತೆ. ಅಕ್ಕಿಪೇಟೆ ಆಗ ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದುದರಿಂದ ಬ್ರಿಟಿಷ್ ಭಾರತದ ಆ ಕಾಯ್ದೆ ಅಂದು ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನ ತನ್ನದೇ ಹೆಜ್ಜೆಯಿಟ್ಟಿತ್ತು. 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದು ಸ್ತ್ರೀಧನಕ್ಕೆ ಭದ್ರತೆ ನೀಡಿತು. ನೆರೆಮನೆಯವರೂ ಇದೇ ಪ್ರಶ್ನೆಗೆ ತಮ್ಮ ದಾರಿಯಲ್ಲಿ ಉತ್ತರ ಹುಡುಕುತ್ತಿದ್ದರು.

ಹೀಗೆ ಹಕ್ಕು ಶತಮಾನಗಳಿಂದ ಇತ್ತು. ದಾಖಲೆ ಮಾತ್ರ ಇರಲಿಲ್ಲ. ಪೇಟೆಯ ಪಕ್ಕದಲ್ಲೇ, ನಡೆದು ಹೋಗುವಷ್ಟು ದೂರದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ವರ್ತಕರು ಅಲ್ಲಿ ಖಾತೆ ತೆರೆದರು. ಅವರ ಪತ್ನಿಯರ ಹಣ ಡಬ್ಬಿಯಲ್ಲೋ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೋ ಉಳಿಯಿತು. ಬಡ್ಡಿಯ ಅಂಜಿಕೆಯೂ ಒಂದು ಕಾರಣ, ಹೊಸ್ತಿಲು ದಾಟುವ ಸಂಕೋಚವೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕೇಳಿದರೆ ಅಪನಂಬಿಕೆ ಎಂದು ತಿಳಿದಾರು ಎಂಬ ಭಯ.

ಈ ಭಯದ ಬೆಲೆ ಎಷ್ಟೆಂದು ಒಂದು ಲೆಕ್ಕದಿಂದ ನೋಡೋಣ. ದಂಪತಿಗೆ ಒಂದು ಜಂಟಿ ಖಾತೆಯಿದೆ, ಅದರಲ್ಲಿ ಎಂಟು ಲಕ್ಷ ರೂಪಾಯಿ. ಐದು ಲಕ್ಷ ಪತಿಯ ಗಳಿಕೆ. ಮೂರು ಲಕ್ಷ ಪತ್ನಿಯ ಮಹ್ರ್ ಮತ್ತು ಹೊಲಿಗೆಯ ಸಂಪಾದನೆ. ಪತಿ ತೀರಿಕೊಳ್ಳುತ್ತಾನೆ, ಪತ್ನಿಯೊಂದಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ವಾರಸುದಾರರು. ಸಾಲವಿಲ್ಲ. ಖಾತೆಯ ಎಲ್ಲ ಹಣ ಮೃತನದೆಂದು ಭಾವಿಸಿದರೆ ಪತ್ನಿಗೆ ಎಂಟರಲ್ಲೊಂದು ಪಾಲು, ಅಂದರೆ ಒಂದು ಲಕ್ಷ. ಅವಳ ಮೂರು ಲಕ್ಷ ಬೇರೆಯೆಂದು ದಾಖಲೆಯಿದ್ದರೆ, ಆ ಮೂರು ಲಕ್ಷವನ್ನು ತೆಗೆದಿಟ್ಟು ಉಳಿದ ಐದು ಲಕ್ಷದ ಎಂಟರಲ್ಲೊಂದಾದ 62,500 ಸೇರಿ 3,62,500 ರೂಪಾಯಿ. ವ್ಯತ್ಯಾಸ 2,62,500. ಒಂದು ಸಾಲಿನ ಬರಹ ಇಲ್ಲದ್ದಕ್ಕೆ ವಿಧವೆಯೊಬ್ಬಳು ತೆರುವ ಬೆಲೆ ಇದು. ಹಿಂದುಮುಂದಾಗಿಯೂ ನೋಡಬಹುದು. ಪತ್ನಿಯೇ ಮೊದಲು ತೀರಿಕೊಂಡರೆ ಅವಳ ಸೊತ್ತಿನಲ್ಲಿ ಅವಳ ತಾಯಿಗೂ ತಂದೆಗೂ ಆರರಲ್ಲೊಂದು ಪಾಲಿದೆ. ಹಣ ಪತಿಯ ಹೆಸರಿನಲ್ಲೇ ಇದ್ದರೆ ಆ ವೃದ್ಧರ ಪಾಲನ್ನು ಕೇಳುವವರು ಯಾರು? ಝಕಾತ್ ಕೂಡ ಹೀಗೆಯೇ. ಹನಫೀ ಫಿಕ್ಹ್‌ನಲ್ಲಿ ಪತಿಯ ನಿಸಾಬ್ ಬೇರೆ, ಪತ್ನಿಯ ನಿಸಾಬ್ ಬೇರೆ. ಬೆರೆತ ಹಣಕ್ಕೆ ಝಕಾತ್ ಯಾರ ಮೇಲೆ ಎಷ್ಟೆಂದು ನಿರ್ಧರಿಸುವುದು ಕಷ್ಟ.

ಜಂಟಿ ಖಾತೆಯಲ್ಲಿ 'ಈದರ್ ಆರ್ ಸರ್ವೈವರ್' ಎಂದು ಬರೆಸಿದ್ದೇವೆ, ಹಾಗಾಗಿ ಉಳಿದವರಿಗೇ ಎಲ್ಲವೂ ಸಲ್ಲುತ್ತದೆಂದು ಅನೇಕರು ನಂಬಿದ್ದಾರೆ. ಬದುಕುಳಿದವರಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೆ, ಅಷ್ಟೇ. ಒಡೆತನವನ್ನು ಆ ಪದಗಳು ತೀರ್ಮಾನಿಸುವುದಿಲ್ಲ. ನಾಮಿನಿಯೂ ಅಷ್ಟೇ: ನಾಮಿನಿ ಹಣವನ್ನು ಸ್ವೀಕರಿಸಬಹುದು, ವಾರಸುದಾರರ ಹಕ್ಕು ಅದರಿಂದ ಅಳಿಯದು ಎಂದು ಸುಪ್ರೀಂ ಕೋರ್ಟ್ ವಿಮೆಯ ವಿಷಯದಲ್ಲಿ 1983ರಲ್ಲೂ ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲೂ ಹೇಳಿದೆ.

ಇನ್ನು ಗೌಪ್ಯತೆಯ ಮಾತು. ಗ್ರಾಹಕನ ಲೆಕ್ಕವನ್ನು ಗುಟ್ಟಾಗಿಡುವುದು ಬ್ಯಾಂಕಿನ ಕರ್ತವ್ಯವೆಂದು ಇಂಗ್ಲೆಂಡಿನ ನ್ಯಾಯಾಲಯ 1924ರ ಟೂರ್ನಿಯರ್ ಪ್ರಕರಣದಲ್ಲಿ ಹೇಳಿತು. ಭಾರತದ ಬ್ಯಾಂಕುಗಳೂ ಅದೇ ತತ್ತ್ವವನ್ನು ಅನುಸರಿಸುತ್ತವೆ. ಗಂಡನೆಂಬ ಕಾರಣಕ್ಕೆ ಹೆಂಡತಿಯ ಖಾತೆಯ ವಿವರ ಕೇಳುವ ಹಕ್ಕಿಲ್ಲ; ಹೆಂಡತಿಗೂ ಹಾಗೆಯೇ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ ನಮ್ಮ ಮನೆಗಳಲ್ಲಿ ಎಟಿಎಮ್ ಕಾರ್ಡಿನ ಗುಟ್ಟಿನ ಸಂಖ್ಯೆ ಮನೆಮಂದಿಗೆಲ್ಲ ಗೊತ್ತಿರುತ್ತದೆ. 2013ರ ನವೆಂಬರಿನಲ್ಲಿ ಇದೇ ನಗರದ ಮಹಿಳೆಯೊಬ್ಬರು ಹೆರಿಗೆ ರಜೆಯಲ್ಲಿದ್ದಾಗ ತಮ್ಮ ಕಾರ್ಡನ್ನೂ ಆ ಸಂಖ್ಯೆಯನ್ನೂ ಪತಿಗೆ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದರು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. ಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳಿದ್ದೇ ನಿಯಮಭಂಗ ಎಂದು ಬ್ಯಾಂಕು ವಾದಿಸಿತು. 2018ರಲ್ಲಿ ಬೆಂಗಳೂರಿನ ಗ್ರಾಹಕರ ವೇದಿಕೆ ಬ್ಯಾಂಕಿನ ವಾದವನ್ನೇ ಒಪ್ಪಿತು. ಸ್ವಂತ ಹೆಸರಿನ ಚೆಕ್ಕನ್ನೋ ಅಧಿಕಾರಪತ್ರವನ್ನೋ ಪತಿಗೆ ಕೊಟ್ಟು ಕಳುಹಿಸಬೇಕಿತ್ತು ಎಂದಿತು. ಬಾಣಂತಿಯ ಕಷ್ಟ ನೆನೆದಾಗ ನನ್ನ ಮನಸ್ಸು ಆ ಮಹಿಳೆಯ ಕಡೆಗೇ ಇದೆ. ಆದರೂ ಫಿಕ್ಹ್ ಓದಿದವರಿಗೆ ಈ ತೀರ್ಪು ಅಪರಿಚಿತವೆನಿಸದು. ಪತಿ ಪತ್ನಿಯ ಪರವಾಗಿ ಹಣ ತರುವಾಗ ಅವನು ಅವಳ ವಕೀಲ್, ಅಂದರೆ ಪ್ರತಿನಿಧಿ; ವಕಾಲತ್ತಿಗೆ ಮಾಲೀಕಳ ಒಪ್ಪಿಗೆ ಬೇಕು, ಮೇರೆಯೂ ಬೇಕು.

2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಈ ಮಾತು ಇನ್ನಷ್ಟು ಹತ್ತಿರ ಬಂದಿದೆ. ಪಡಿತರ ಚೀಟಿಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಜಮೆಯಾಗಬೇಕೆಂಬುದು ಯೋಜನೆ. ಅದೇ ವರ್ಷ ಜುಲೈಯಿಂದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಕಿಲೋಗೆ 34ರಂತೆ ಹಣವನ್ನೂ ಸರಕಾರ ಕೆಲಕಾಲ ಖಾತೆಗೆ ಹಾಕಿತು. ಅಕ್ಕಿಪೇಟೆಯಲ್ಲೂ ಅಕ್ಕಿ ಅಂಕಿಯಾಯಿತು. ಜೀವನದಲ್ಲಿ ಮೊದಲ ಬಾರಿಗೆ ಪಾಸ್‌ಬುಕ್ ಹಿಡಿದ ಎಷ್ಟೋ ಹಿರಿಯ ಮಹಿಳೆಯರಿದ್ದಾರೆ. ಪತ್ನಿಯ ಖಾತೆಗೆ ಹಣ ಬಂತೆಂದು ಪತಿ ಮನೆಖರ್ಚು ಕಡಿತಗೊಳಿಸುವಂತಿಲ್ಲ. ಅವಳೆಷ್ಟೇ ಸಿರಿವಂತೆಯಾದರೂ ಜೀವನಾಂಶದ ಹೊಣೆ ಅವನದೇ ಎಂದು ಬಹುತೇಕ ಫುಕಹಾಗಳು ಹೇಳಿದ್ದಾರೆ. ಅವಳಾಗಿಯೇ ಮನೆಗೆ ಖರ್ಚು ಮಾಡಿದರೆ ಅದು ಝೈನಬ್(ರ)ರಿಗೆ ಸಿಕ್ಕ ಇಮ್ಮಡಿ ಪುಣ್ಯದ ದಾರಿ.

ಮನೆಖರ್ಚಿಗೆ ಜಂಟಿ ಖಾತೆ, ಅವರವರ ಗಳಿಕೆಗೆ ಅವರವರ ಖಾತೆ, ಎರಡೂ ಇರುವುದು ಪರಸ್ಪರ ಗೊತ್ತಿರುವುದು: ಇಷ್ಟಿದ್ದರೆ ಡಬ್ಬಿಯ ಅಗತ್ಯ ಬೀಳದು. ತೊಡಕು ಬರುವುದು ಅಂಗಡಿಗೆ ಬಂಡವಾಳ ಸಾಲದೆ ಪತ್ನಿಯ ಬಳೆ ಅಡವಿಗೆ ಹೋಗುವ ದಿನ. ಸಾಲವನ್ನು ಬರೆದಿಡಿರೆಂದು ಆಜ್ಞಾಪಿಸುವ ಅಲ್‌ಬಕರಾದ ದೀರ್ಘ ವಚನ ದಂಪತಿಗೆ ವಿನಾಯಿತಿ ಕೊಟ್ಟಿಲ್ಲ. ಒಂದು ಹಾಳೆ ಸಾಕು. ದಿನಾಂಕ, ಬಳೆಯ ತೂಕ, ಕೊಟ್ಟದ್ದು ಸಾಲವೋ ಪಾಲುಗಾರಿಕೆಯೋ ಉಡುಗೊರೆಯೋ, ಸಾಲವಾದರೆ ಚಿನ್ನವಾಗಿ ಮರಳಬೇಕೋ ಹಣವಾಗಿಯೋ, ಇಬ್ಬರ ಸಹಿ, ಸಾಕ್ಷಿಗಳ ಸಹಿ. ಒಂದು ಪ್ರತಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ, ಇನ್ನೊಂದು ಅವಳ ಪಾಸ್‌ಬುಕ್ಕಿನ ನಡುವೆ.